ಗ್ರಂಥಾಲಯದ ಹೊಸ ಮಾಹಿತಿ ಭಂಡಾರ ಮತ್ತು ಕೊಡಗಿನ ಕೊಳೆರೋಗ



ಮುಂಗಾರು ಬಲವಾಗಿ ಹಿಡಿದು ವಾರಗಟ್ಟಲೆ ಬಿಸಿಲು ಕಾಣದಿದ್ದಾಗ, ಕಾಫಿ ತೋಟದ ತಗ್ಗಿನಲ್ಲಿ ಎಲೆಗಳು ಕಪ್ಪಾಗಿ ಕೊಳೆತು, ನೆಲಕ್ಕೆ ಬೀಳದೆ, ಬೂಷ್ಟಿನ ಎಳೆಯೊಂದರ ಆಧಾರದಲ್ಲಿ ರೆಂಬೆಗೆ ಜೋತಾಡುವುದನ್ನು ಕೊಡಗಿನ ಬೆಳೆಗಾರರು ಬಲ್ಲರು. ಇದೇ ಕಾಫಿಯ ಕೊಳೆರೋಗ. ಈ ರೋಗದ ಬಗ್ಗೆ ಇದುವರೆಗೆ ಏನೇನು ಸಂಶೋಧನೆ ನಡೆದಿದೆ ಎಂದು ಒಬ್ಬ ಬೆಳೆಗಾರ ಕೇಳಿದರೆ ಉತ್ತರವನ್ನು ಗ್ರಂಥಾಲಯದಲ್ಲಿ ಹುಡುಕಬೇಕಾಗುತ್ತದೆ.

ಹಿಂದೆ ಈ ಹುಡುಕಾಟ ದಪ್ಪ ಸಂಪುಟಗಳಲ್ಲಿ ನಡೆಯುತ್ತಿತ್ತು. ಸಸ್ಯರೋಗಗಳ ಕುರಿತ ಲೇಖನಗಳ ಸಾರಾಂಶವನ್ನು ಕೊಡುವ ಒಂದು ಪತ್ರಿಕೆ ಇಂಗ್ಲೆಂಡಿನಿಂದ 1922ರಿಂದ ಬರುತ್ತಿತ್ತು. ವರ್ಷಕ್ಕೊಂದರಂತೆ ಸಂಪುಟ ಇಳಿಸಿ, ಧೂಳು ಕೊಡವಿ, ಹಿಂದಿನ ಪುಟಗಳ ಸೂಚಿಯಲ್ಲಿ ಬೆರಳಾಡಿಸಬೇಕಿತ್ತು. ಈಗ ಆ ಕೆಲಸವನ್ನು ಗಣಕಯಂತ್ರದ ಮಾಹಿತಿ ಭಂಡಾರಗಳು, ಅಂದರೆ ಡೇಟಾಬೇಸುಗಳು, ಮಾಡುತ್ತಿವೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2007ರಲ್ಲಿ 'ಸೆರಾ' ಎಂಬ ಒಕ್ಕೂಟವನ್ನು ಆರಂಭಿಸಿ, ಕೃಷಿ ವಿಶ್ವವಿದ್ಯಾನಿಲಯಗಳಿಗೆ ಸಂಶೋಧನಾ ಪತ್ರಿಕೆಗಳನ್ನು ಗಣಕಯಂತ್ರದಲ್ಲೇ ಓದುವ ಅನುಕೂಲ ಮಾಡಿಕೊಟ್ಟಿತು. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು 2025ರ ಜನವರಿ 1ರಂದು ಜಾರಿಗೆ ಬಂದಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಇದರ ವ್ಯಾಪ್ತಿಯಲ್ಲಿವೆ.

ಆದರೆ ಪತ್ರಿಕೆ ಕೈಗೆ ಬಂದ ಮಾತ್ರಕ್ಕೆ ಬೇಕಾದ ಲೇಖನ ಸಿಕ್ಕಿತೆಂದಲ್ಲ. ಕಣಜ ತುಂಬಿದ್ದರೂ ಯಾವ ಮೂಟೆಯಲ್ಲಿ ಯಾವ ಬೀಜವಿದೆ ಎಂದು ತಿಳಿಯಬೇಕಷ್ಟೆ? ಅದನ್ನು ತಿಳಿಸುವುದೇ ಮಾಹಿತಿ ಭಂಡಾರದ ಕೆಲಸ. ಇಂತಹ ಹೊಸ ಭಂಡಾರಗಳನ್ನು ಪ್ರಕಾಶಕರು ಸಾಮಾನ್ಯವಾಗಿ ತಿಂಗಳ ಮಟ್ಟಿಗೆ ಗ್ರಂಥಾಲಯಗಳಿಗೆ ಉಚಿತವಾಗಿ ತೆರೆದುಕೊಡುತ್ತಾರೆ. ಬಳಸಿ ನೋಡಿ ಒಪ್ಪಿಗೆಯಾದರೆ ಗ್ರಂಥಾಲಯ ಚಂದಾ ಕಟ್ಟುತ್ತದೆ. ಹೊಸ ಭತ್ತದ ತಳಿಯನ್ನು ಮೊದಲ ವರ್ಷವೇ ಇಡೀ ಗದ್ದೆಗೆ ಹಾಕದೆ ಒಂದು ಮಡಿಯಲ್ಲಿ ನೆಟ್ಟು ನೋಡುವ ಕ್ರಮ ಇದ್ದ ಹಾಗೆ. ಮಡಿಯಲ್ಲಿ ಏನು ನೆಡಬೇಕೆಂಬುದೇ ಮುಖ್ಯ. ಪ್ರಕಾಶಕರು ತೋರಿಸಿಕೊಡುವ ಮಾದರಿ ಪ್ರಶ್ನೆಗಳಿಗೆ ಎಲ್ಲ ಭಂಡಾರಗಳೂ ಚೆನ್ನಾಗಿಯೇ ಉತ್ತರಿಸುತ್ತವೆ!

ಪೊನ್ನಂಪೇಟೆಯಲ್ಲಿ 1995ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯ ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಂತಹ ಕಡೆ ಹೊಸ ಭಂಡಾರವೊಂದನ್ನು ಪರೀಕ್ಷಿಸಲು ಕೊಳೆರೋಗಕ್ಕಿಂತ ತಕ್ಕ ಪ್ರಶ್ನೆ ಇನ್ನೊಂದಿಲ್ಲ. ಏಕೆಂದರೆ ಈ ರೋಗಕ್ಕೆ ಹೆಸರುಗಳು ಹಲವು. ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ. ಸಿ. ಕುಕ್ 1876ರಲ್ಲಿ ಕಾಫಿಯ ಈ ಶಿಲೀಂಧ್ರಕ್ಕೆ 'ಪೆಲಿಕ್ಯುಲೇರಿಯ ಕೊಳೆರೋಗ' ಎಂದು ಹೆಸರಿಟ್ಟನು. ಕನ್ನಡದ ಮಾತು ಹೀಗೆ ವಿಜ್ಞಾನದ ಹೆಸರಾಯಿತು. ಮುಂದೆ ಅದು 'ಕಾರ್ಟಿಸಿಯಮ್ ಕೊಳೆರೋಗ' ಆಯಿತು. 1958ರಲ್ಲಿ 'ಕೊಳೆರೋಗ ನಾಕ್ಸಿಯ' ಎನಿಸಿಕೊಂಡಿತು, 1999ರಲ್ಲಿ 'ಸೆರಟೊಬೇಸಿಡಿಯಮ್ ನಾಕ್ಸಿಯಮ್' ಆಯಿತು. ಇಂದಿನ ಹೆಸರೊಂದನ್ನೇ ಕೊಟ್ಟು ಹುಡುಕಿದರೆ, ಹೆಸರುಗಳನ್ನು ಒಟ್ಟುಗೂಡಿಸಿ ಇಡದ ಭಂಡಾರ ಈಚಿನ ಕೆಲವೇ ಲೇಖನಗಳನ್ನು ತೋರಿಸಿ ಸುಮ್ಮನಾಗುತ್ತದೆ. ಹುಡುಕಿದವರು "ಹೆಚ್ಚಿನ ಕೆಲಸವೇನೂ ನಡೆದಿಲ್ಲ" ಎಂದು ತಿಳಿದು ಏಳುತ್ತಾರೆ.

ಇನ್ನು 'ಕೊಳೆರೋಗ' ಎಂಬ ಮಾತನ್ನೇ ಕೊಟ್ಟರೆ ಬೇರೊಂದು ಅಪಾಯವಿದೆ. ಅಡಿಕೆಗೂ ಕೊಳೆರೋಗವಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ವರದಿ ಆ ರೋಗದ್ದು. ಅದನ್ನು ತರುವುದು 'ಫೈಟಾಪ್ತೊರ'. ಕಾಫಿಯ ಶಿಲೀಂಧ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಶೇಕಡಾ 1ರ ಬೋರ್ಡೋ ದ್ರಾವಣ ಎರಡಕ್ಕೂ ನಡೆಯುವುದರಿಂದ ಈ ವ್ಯತ್ಯಾಸ ಬಹುಕಾಲ ತೋಟದಲ್ಲಿ ಅಷ್ಟಾಗಿ ತೊಡಕು ತರಲಿಲ್ಲ. ಆದರೆ ಮೆಟಲಾಕ್ಸಿಲ್‌ನಂತಹ ಔಷಧಿ ಫೈಟಾಪ್ತೊರ ಗುಂಪಿಗೆ ಮಾತ್ರ ನಾಟುತ್ತದೆ. ಅಡಿಕೆಯ ಲೇಖನ ನೋಡಿ ಅದನ್ನು ತಂದು ಕಾಫಿಗೆ ಸಿಂಪಡಿಸಿದರೆ ಹಣವೂ ಹೋಗುತ್ತದೆ, ಮಳೆ ನಡುವೆ ಸಿಕ್ಕ ಎರಡು ದಿನದ ಬಿಡುವೂ ಹೋಗುತ್ತದೆ. 2018ರ ಆಗಸ್ಟ್ ಮಳೆಯನ್ನು ಕಂಡವರಿಗೆ ಆ ಎರಡು ದಿನದ ಬೆಲೆ ಹೇಳಬೇಕಾಗಿಲ್ಲ. ಆದ್ದರಿಂದ ರೋಗದ ಹೆಸರಿನ ಜೊತೆಗೆ ಬೆಳೆಯ ಹೆಸರನ್ನೂ ಸೇರಿಸಿ ಹುಡುಕಿದಾಗ ಭಂಡಾರ ಎರಡನ್ನೂ ಬೇರ್ಪಡಿಸುತ್ತದೆಯೇ ಎಂದು ನೋಡಬೇಕು. ಏಲಕ್ಕಿಯ 'ಕಟ್ಟೆ', 'ಕೊಕ್ಕೆ ಕಂದು' ರೋಗಗಳನ್ನೂ ವಿಜ್ಞಾನಿಗಳು ಕನ್ನಡದ ಹೆಸರಿನಿಂದಲೇ ಕರೆಯುತ್ತಾರೆ. ಅವನ್ನೂ ಹೀಗೆಯೇ ಪರೀಕ್ಷಿಸಬಹುದು.

ವರ್ಷದ ಮಾತು ಇನ್ನೊಂದು. ಹೆಸರಾಂತ 'ಕ್ಯಾಬ್' ಸಾರಾಂಶ ಭಂಡಾರವು 1973ರಿಂದ ಈಚಿನದು ಒಂದು, 1910ರಿಂದ 1972ರವರೆಗಿನ ಹಳೆಯದು ಇನ್ನೊಂದು ಎಂದು ಎರಡು ಭಾಗವಾಗಿ ಸಿದ್ಧವಾಯಿತು. ಮೊದಲನೆಯದನ್ನಷ್ಟೇ ತೆರೆದು ನೋಡಿದವರಿಗೆ ಅದಕ್ಕೂ ಹಿಂದಿನ ಕೆಲಸ ಕಾಣುವುದಿಲ್ಲ. ಹಳೆಯದು ಸಿಕ್ಕಾಗಲೂ ಎಚ್ಚರ ಬೇಕು. ಕಾಫಿಯ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಬಳಿಯುವ ಶಿಫಾರಸು ಹಳೆಯ ಲೇಖನಗಳಲ್ಲಿ ಇದೆ. ಭಾರತದಲ್ಲಿ ಲಿಂಡೇನ್ ಬಳಕೆಯನ್ನು 2013ರ ಮಾರ್ಚ್‌ನಿಂದ ನಿಷೇಧಿಸಲಾಗಿದೆ. ಆದರೆ ಹಳೆಯ ಲೇಖನ ತನ್ನ ಕಾಲದ ಮಾತನ್ನೇ ಹೇಳುತ್ತದೆ. ಯಾವ ಶಿಫಾರಸನ್ನಾಗಲಿ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸದೆ ತೋಟಕ್ಕೆ ಒಯ್ಯಬಾರದು.

ಕಾಫಿ ಮಂಡಳಿಯ 'ಇಂಡಿಯನ್ ಕಾಫಿ', ಬಾಳೆಹೊನ್ನೂರಿನ ಕೇಂದ್ರದ 'ಜರ್ನಲ್ ಆಫ್ ಕಾಫಿ ರಿಸರ್ಚ್' ಮುಂತಾದ ಪತ್ರಿಕೆಗಳ ಹಳೆಯ ಸಂಚಿಕೆಗಳು ಹೊಸ ಭಂಡಾರದಲ್ಲಿ ಸೇರಿವೆಯೇ ಎಂಬುದನ್ನೂ ಮೊದಲ ವಾರದಲ್ಲೇ ನೋಡಿಬಿಡಬೇಕು. ಈ ನೆಲದ ಕೆಲಸ ಹೆಚ್ಚಾಗಿ ಅಚ್ಚಾದದ್ದು ಅಲ್ಲಿಯೇ. ಸಾವಿರಾರು ವಿದೇಶಿ ಪತ್ರಿಕೆಗಳಿದ್ದು ಇವೆರಡೂ ಇಲ್ಲವಾದರೆ ಕೊಡಗಿನ ಮಟ್ಟಿಗೆ ಆ ಭಂಡಾರ ಅರ್ಧವೇ ಸರಿ. ವಿದ್ಯಾರ್ಥಿಗಳ ಪ್ರಬಂಧಗಳಿಗೆ 'ಕೃಷಿಕೋಶ' ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ 'ಆಗ್ರಿಸ್' ಯಾರಿಗೂ ಉಚಿತ, ಮೊಬೈಲಿನಲ್ಲೂ ತೆರೆಯುತ್ತದೆ.

ಚಂದಾ ಕಟ್ಟಿ ಪಡೆಯುವ ಭಂಡಾರಗಳು ಸಾಮಾನ್ಯವಾಗಿ ಸಂಸ್ಥೆಯವರಿಗೆ ಮಾತ್ರ ತೆರೆಯುತ್ತವೆ. ರೈತರು ತಮ್ಮ ಪ್ರಶ್ನೆಯನ್ನು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದ ಮೂಲಕವೋ ಕಾಲೇಜಿನ ಅಧ್ಯಾಪಕರ ಮೂಲಕವೋ ಕಳಿಸಬಹುದು. ಪ್ರಾಯೋಗಿಕ ತಿಂಗಳು ನಡೆಯುತ್ತಿರುವಾಗಲೇ ವಿಸ್ತರಣಾ ಕಾರ್ಯಕರ್ತರು ಹಳ್ಳಿಯಿಂದ ಹತ್ತು ಪ್ರಶ್ನೆ ತಂದುಕೊಟ್ಟರೆ ಗ್ರಂಥಪಾಲಕರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಚೀಟಿಯಲ್ಲಿ "ಕಾಫಿಗೆ ರೋಗ" ಎಂದಷ್ಟೇ ಬರೆದರೆ ಸಾಲದು. ಅರೇಬಿಕವೋ ರೊಬಸ್ಟವೋ, ಎಲೆಯೋ ಕಾಯಿಯೋ, ಎಷ್ಟು ದಿನದ ಮಳೆಯ ನಂತರ ಕಂಡಿತು, ನೆರಳು ದಟ್ಟವೇ, ಊರಿನಲ್ಲಿ ಅದನ್ನು ಏನೆಂದು ಕರೆಯುತ್ತಾರೆ, ಇಷ್ಟನ್ನೂ ಬರೆಯಬೇಕು. ಊರಿನಲ್ಲಿ ಕರೆಯುವ ಹೆಸರನ್ನು ತಿದ್ದದೆ, ಇದ್ದಂತೆಯೇ ಬರೆಯಿರಿ.