ಒಲೆಯುಳ್ಳ ಬಿಡಾರ: ಸಿಂಗಾಪುರದಲ್ಲಿ ಹತ್ತು ದಿನ

(ಸಂಘದ ತಿಂಗಳ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಹೋಟೆಲುಗಳಲ್ಲಿ ದುಡಿಯುವವರ, ಹಿಂದೆ ಗಿರಣಿಗಳಲ್ಲಿ ಬೆವರು ಸುರಿಸಿದವರ ಮಕ್ಕಳು ಇಂದು ಕೆಲಸಕ್ಕಾಗಿ ಸಿಂಗಾಪುರದವರೆಗೂ ಹೋಗಿದ್ದಾರೆ. ಅವರನ್ನು ನೋಡಲು ಹೊರಡುವ ತಂದೆತಾಯಿಗಳಿಗೆ ಏಳುವ ಪ್ರಶ್ನೆ ಒಂದೇ: ಉಳಿಯುವುದೆಲ್ಲಿ, ಉಣ್ಣುವುದೇನು? ನಾನು ಮನೆಯವರೊಡನೆ ಅಲ್ಲಿ ಅಡುಗೆಮನೆಯಿರುವ ಬಿಡಾರವೊಂದನ್ನು ಬಾಡಿಗೆಗೆ ಹಿಡಿದು ಹತ್ತು ದಿನ ಇದ್ದು ಬಂದೆ. ಅಧ್ಯಕ್ಷರ ಅಪ್ಪಣೆಯಂತೆ ಆ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ಸಿಂಗಾಪುರವು ನಮ್ಮ ಮುಂಬಯಿಯಂತೆಯೇ ದ್ವೀಪದ ಮೇಲೆ ಬೆಳೆದ ಊರು. ಭೂಮಧ್ಯರೇಖೆ ಅಲ್ಲಿಂದ ಸುಮಾರು 137 ಕಿಲೋಮೀಟರು ಮಾತ್ರ. ಆದುದರಿಂದ ಚಳಿಗಾಲವೆಂಬುದಿಲ್ಲ; ವರ್ಷವೆಲ್ಲ ಸೆಕೆ, ವರ್ಷವೆಲ್ಲ ಮಳೆ. 1960ರಲ್ಲಿ ಸ್ಥಾಪನೆಯಾದ ಸರಕಾರಿ ವಸತಿ ಮಂಡಳಿಯ ಮನೆಗಳಲ್ಲಿ ಅಲ್ಲಿಯ ಕಾಯಂ ನಿವಾಸಿಗಳ ಮುಕ್ಕಾಲು ಪಾಲಿಗೂ ಹೆಚ್ಚು ಜನ ವಾಸಿಸುತ್ತಾರೆ. ಚಾಳಿನ ಖೋಲಿಯಲ್ಲಿ ಬಾಳಿದ ನಮಗೆ ಇದು ಯೋಚಿಸತಕ್ಕ ಸಂಗತಿ.

ಮೊದಲನೆಯ ಮಾತು ಕಾನೂನಿನದು. ಆ ಮಂಡಳಿಯ ಮನೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವಂತಿಲ್ಲ. ಖಾಸಗಿ ಮನೆಗಳನ್ನೂ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡಕೂಡದೆಂದು 2017ರಿಂದ ನಿಯಮವಿದೆ. ಹೀಗಿದ್ದೂ ಯಾರಾದರೂ ‘ಎರಡು ದಿನಕ್ಕೂ ಮನೆ ಕೊಡುತ್ತೇವೆ, ಬಾಡಿಗೆ ಅಗ್ಗ’ ಎಂದು ಕರೆದರೆ ಮುಂಗಡ ಕಳಿಸಬೇಡಿ. ಬೆವರಿನ ಹಣವೂ ಹೋದೀತು, ಪರದೇಶದಲ್ಲಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟಬೇಕಾಗಿಯೂ ಬಂದೀತು. ಕೆಲವೇ ದಿನಗಳಿಗೆ ಒಲೆ ಬೇಕೆನ್ನುವವರಿಗಾಗಿ ‘ಸರ್ವಿಸ್ಡ್ ಅಪಾರ್ಟ್‌ಮೆಂಟ್’ ಎಂದು ಪರವಾನಗಿ ಪಡೆದ ಕಟ್ಟಡಗಳಿವೆ. ಅಲ್ಲಿಯೂ ಕನಿಷ್ಠ ಏಳು ದಿನ ಇರಬೇಕು. ಬಾಡಿಗೆ ಸಣ್ಣದಲ್ಲ, ನಾಲ್ಕು ಮಂದಿ ಹಂಚಿಕೊಂಡರೆ ಗಿಟ್ಟೀತು. ಎಷ್ಟು ಮಂದಿಗೆ ಅನುಮತಿಯೆಂದು ಮೊದಲೇ ಕೇಳಿಕೊಳ್ಳಿ. ನಮ್ಮ ಖೋಲಿಯಂತೆ ಚಾಪೆ ಹಾಸಿ ಹತ್ತು ಜನ ಮಲಗುವಂತಿಲ್ಲ.

ಎರಡನೆಯದು ಗಂಟು ಕಟ್ಟುವಾಗಿನ ಎಚ್ಚರ. ಗಸಗಸೆಯನ್ನು ಅನುಮತಿಯಿಲ್ಲದೆ ಆ ದೇಶದೊಳಕ್ಕೆ ಒಯ್ಯಕೂಡದು. ಮಾದಕ ವಸ್ತುಗಳ ಕಾನೂನು ಅಲ್ಲಿ ಬಹಳ ಕಠಿಣ. ಆದುದರಿಂದ ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯೇ ಎಂದು ಹೆಂಗಸರನ್ನು ಕೇಳಿಯೇ ಕಟ್ಟಿರಿ. ಗುಟ್ಕಾ, ಖೈನಿ, ಜರ್ದಾ ನಿಷಿದ್ಧ. ಸಿಗರೇಟು ಒಂದೇ ಪ್ಯಾಕೆಟ್ಟಿದ್ದರೂ ತಿಳಿಸಿ ಸುಂಕ ಕಟ್ಟಬೇಕು.

ಇನ್ನು ಅಡುಗೆಮನೆ. ಇಂಡಕ್ಷನ್ ಒಲೆಯಿದ್ದರೆ ನಮ್ಮ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. ಹೊಗೆ ಕಂಡರೆ ಕೂಗುವ ಯಂತ್ರವಿದ್ದಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಹೊಗೆ ಎಳೆಯುವ ಫ್ಯಾನು ಹಾಕಿರಿ. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಸೆರಂಗೂನ್ ರಸ್ತೆಯ ಬಳಿಯ ಟೆಕ್ಕಾ ಮಾರುಕಟ್ಟೆಯ ಸುತ್ತಮುತ್ತ ಅಕ್ಕಿ, ಬೇಳೆ, ತೆಂಗಿನಕಾಯಿ, ಕರಿಬೇವು ಎಲ್ಲವೂ ಸಿಗುತ್ತವೆ. ಅದೇ ರಸ್ತೆಯಲ್ಲಿ ಬೆಂಗಳೂರಿನ ಎಂ.ಟಿ.ಆರ್. 2013ರಲ್ಲಿ ಶಾಖೆ ತೆರೆಯಿತು.

ಆದರೆ ಬಂಧುಗಳೇ, ಅಡುಗೆಮನೆ ಇದೆಯೆಂದು ಹೆಂಗಸರನ್ನು ಅಲ್ಲಿಯೂ ಮೂರು ಹೊತ್ತು ಒಲೆಯ ಮುಂದೆ ನಿಲ್ಲಿಸಿದರೆ ಅವರಿಗೆ ಪ್ರವಾಸವೆಲ್ಲಿಯದು? ನಮ್ಮ ಬಿಡಾರದಲ್ಲಿ ಬೆಳಗಿನ ಚಹಾ ತಿಂಡಿ ಗಂಡಸರದು, ಮಧ್ಯಾಹ್ನದ ಅನ್ನಸಾರು ಹೆಂಗಸರದು, ಪಾತ್ರೆ ತೊಳೆಯುವುದು ಪಾಳಿಯ ಮೇಲೆ. ರಾತ್ರಿ ಊಟ ಹೊರಗೆ. ಊರಿನ ಹೋಟೆಲಿನಲ್ಲಿ ನೂರು ಮಂದಿಗೆ ದೋಸೆ ಹುಯ್ಯುವ ಕೈ, ಸ್ವಂತ ಹೆಂಡತಿಗೆ ಎರಡು ಹುಯ್ದರೆ ಸವೆದುಹೋಗುವುದಿಲ್ಲ.

ಹೊರಗಿನ ಊಟಕ್ಕೆ ಅಲ್ಲಿ ಹಾಕರ್ ಸೆಂಟರುಗಳಿವೆ. ಬೀದಿಯಲ್ಲಿ ಗಾಡಿಯಿಟ್ಟು ಮಾರುತ್ತಿದ್ದವರಿಗೆ ಅಲ್ಲಿಯ ಸರಕಾರ ನಲ್ಲಿ, ಚರಂಡಿ, ಸೂರು ಇರುವ ಜಾಗ ಕಟ್ಟಿಕೊಟ್ಟಿತು. 1980ರ ದಶಕದ ನಡುವಿಗೆ ಆ ಕೆಲಸ ಮುಗಿಯಿತು. 2020ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಸೆಪ್ಟೆಂಬರಿನಿಂದ ಉಂಡವರೇ ತಟ್ಟೆ ಎತ್ತಿಡಬೇಕೆಂಬುದು ಅಲ್ಲಿ ಕಡ್ಡಾಯ. ಕೇಳದವರಿಗೆ ಮೊದಲು ಎಚ್ಚರಿಕೆ, ಮತ್ತೆ ದಂಡ. ಮೇಜು ಒರೆಸುವವರಲ್ಲಿ ವಯಸ್ಸಾದವರು ಅನೇಕರಿದ್ದಾರೆ. ಅವರ ಬೆನ್ನು ಬಗ್ಗುವುದು ಅಷ್ಟಾದರೂ ಕಡಿಮೆಯಾಗಿದೆ. ಎಂಜಲು ತಟ್ಟೆ ಎತ್ತಿ ಎತ್ತಿ ಬಾಲ್ಯ ಕಳೆದವರು ಈ ಸಭೆಯಲ್ಲಿಯೂ ಇದ್ದೀರಿ. ಕೋಟು ತೊಟ್ಟವನೂ ತನ್ನ ತಟ್ಟೆ ತಾನೇ ಎತ್ತುವುದನ್ನು ಕಂಡಾಗ ಆಗುವ ಸಂತೋಷವನ್ನು ನಿಮಗೆ ವಿವರಿಸಬೇಕಾಗಿಲ್ಲ.

ಒಲೆಯುಳ್ಳ ಬಿಡಾರವನ್ನು ಹಿಡಿದವನು ಅತಿಥಿಯಲ್ಲ, ಕೆಲವು ದಿನಗಳ ಗೃಹಸ್ಥ. ಆ ಊರಿನ ಕಾನೂನು ಅವನದು, ಅಡುಗೆಮನೆಯ ದುಡಿಮೆಯೂ ಅವನದು. ಇವೆರಡನ್ನೂ ಒಪ್ಪಿಕೊಂಡವರು ಧೈರ್ಯವಾಗಿ ಹೋಗಿ ಮಕ್ಕಳನ್ನು ನೋಡಿ ಬನ್ನಿರಿ. ಹೊರಡುವ ಮುನ್ನ ಬಾಡಿಗೆಯ ಕಾಗದವನ್ನು ಸಂಘದಲ್ಲಿ ಓದು ಬಲ್ಲವರಿಗೆ ತೋರಿಸಿರಿ. ನಿಯಮಗಳು ಬದಲಾಗುವುದುಂಟು, ಕೇಳಿ ತಿಳಿಯುವುದರಲ್ಲಿ ನಾಚಿಕೆಯಿಲ್ಲ.