ಆಸ್ಪತ್ರೆಯಿದೆ, ಹಣವಿದೆ, ಕರೆದೊಯ್ಯುವವರೆಲ್ಲಿ?

(ಭಟ್ಕಳದಲ್ಲಿ ಜುಮಾ ನಮಾಝ್‌ನ ಬಳಿಕ ಜರಗಿದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೃದ್ಧರ ಸೇವೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ತಂದೆತಾಯಿಯರೆದುರು ಬೇಸರದ ಒಂದು ಉದ್ಗಾರವನ್ನೂ ಹೊರಡಿಸಬಾರದೆಂಬ ಕುರ್‌ಆನಿನ ಆಜ್ಞೆಯನ್ನು ನೀವು ಮಿಂಬರ್‌ನಿಂದ ಎಷ್ಟೋ ಬಾರಿ ಆಲಿಸಿದ್ದೀರಿ. ನಾನು ನಮ್ಮ ಬೀದಿಯ ಒಬ್ಬ ತಾಯಿಯ ವಿಷಯ ಹೇಳುತ್ತೇನೆ.

ಅವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಇಬ್ಬರು ಗಂಡುಮಕ್ಕಳು ಕೊಲ್ಲಿಯಲ್ಲಿದ್ದು, ತಿಂಗಳು ತಪ್ಪದೆ ಹಣ ಕಳುಹಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಸುಮಾರು 90 ಕಿ.ಮೀ. ದೂರದ ಮಣಿಪಾಲಕ್ಕೆ ಹೋಗಿ ವೈದ್ಯರಿಗೆ ತೋರಿಸಬೇಕು. ಕಳೆದ ಬಾರಿ ಹೋಗಲಾಗಲಿಲ್ಲ. ಹಳೆಯ ಚೀಟಿಗೆ ಅಂಗಡಿಯವರು ಔಷಧ ಕೊಡಲಿಲ್ಲ. ಉಳಿದ ಮಾತ್ರೆಗಳನ್ನು ಅವರು ಅರ್ಧರ್ಧ ಮುರಿದು ಸೇವಿಸತೊಡಗಿದರು. ಹಣದ ಅಡಚಣೆಯೇ ಎಂದು ಕೇಳಿದೆ. “ಹಣವಿದೆ ಮಗನೇ, ಜೊತೆಗೆ ಬರುವವರಿಲ್ಲ. ಮಕ್ಕಳಿಗೆ ತಿಳಿಸಬೇಡ” ಎಂದರು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣ ಬೇಡ. ಇದು ಸಣ್ಣ ಉಪಕಾರವಲ್ಲ. ಆದರೆ ಉಡುಪಿ, ಮಂಗಳೂರಿನಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಟಿಕೇಟು ಉಚಿತವಾದರೂ ಬಸ್ಸಿನ ಮೆಟ್ಟಿಲು ತಗ್ಗುವುದಿಲ್ಲ. ಮಂಡಿನೋವಿನವರು ಕುಳಿತುಕೊಳ್ಳುವ ಮುನ್ನವೇ ಬಸ್ಸು ಹೊರಟಿರುತ್ತದೆ. ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಸಕ್ಕರೆ ಕಾಯಿಲೆಯವರಿಗೆ ಆಗಾಗ ಮೂತ್ರ ಬರುತ್ತದೆ, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗುವ ದಿನ ನಮ್ಮ ತಾಯಂದಿರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ.

ಹಿರಿಯ ನಾಗರಿಕರಿಗಾಗಿ 2007ರಲ್ಲಿ ಕೇಂದ್ರ ಕಾಯಿದೆಯೊಂದು ಬಂದಿದೆ. ಅದರ 20ನೆಯ ಕಲಮು ಸರಕಾರಿ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಹಾಸಿಗೆ ಮತ್ತು ಪ್ರತ್ಯೇಕ ಸಾಲಿನ ವ್ಯವಸ್ಥೆ ಇರಬೇಕೆನ್ನುತ್ತದೆ. ಆ ಸಾಲಿನವರೆಗೆ ಅವರು ತಲಪುವುದು ಹೇಗೆಂಬ ಬಗ್ಗೆ ಆ ಕಲಮು ಮೌನವಾಗಿದೆ. ರಿಯಾಯಿತಿಯಿಂದ ಪ್ರಯಾಣ ಸುಲಭವಾಗಿದ್ದ ಕಾಲವೊಂದಿತ್ತು. ರೈಲ್ವೆಯು 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ಆ ರಿಯಾಯಿತಿಯನ್ನು ನಿಲ್ಲಿಸಿತು.

108 ಇದೆಯಲ್ಲವೇ ಎಂದು ನೀವು ಕೇಳಬಹುದು. ಅದು ತುರ್ತು ಸೇವೆ. ತಪಾಸಣೆಗೆ ಕರೆದೊಯ್ದು ಮರಳಿ ಮನೆಗೆ ತಲಪಿಸುವುದು ಅದರ ಕೆಲಸವಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಅಸುನೀಗಿದಾಗ, ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯಾದ್ಯಂತ ಎದ್ದಿತು. ಆ ಬೇಡಿಕೆ ನ್ಯಾಯವಾದುದು, ನಾವದನ್ನು ಬಿಡಬಾರದು. ಆದರೆ ಅರ್ಧ ಮಾತ್ರೆ ನುಂಗುತ್ತ ಮನೆಯೊಳಗೇ ಪಾರ್ಶ್ವವಾಯುವಿನತ್ತ ಸಾಗುವವರಿಗಾಗಿ ಯಾರೂ ಕೂಗುವುದಿಲ್ಲ.

ನಮ್ಮ ಸಂಘಸಂಸ್ಥೆಗಳೂ ಆಂಬುಲೆನ್ಸ್ ಖರೀದಿಸಿವೆ. ಅಲ್ಲಾಹನು ಸ್ವೀಕರಿಸಲಿ. (ಕೆಲವದರಲ್ಲಿ ದಾನಿಯ ಹೆಸರು ‘ಆಂಬುಲೆನ್ಸ್’ ಎಂಬ ಪದಕ್ಕಿಂತ ದೊಡ್ಡ ಅಕ್ಷರಗಳಲ್ಲಿರುತ್ತದೆ, ಆ ಮಾತು ಬೇರೆ.) ಇವೆಲ್ಲವೂ ರೋಗಿ ಕುಸಿದು ಬಿದ್ದ ಮೇಲೆ ಬರುವ ವಾಹನಗಳು. ಒಬ್ಬನನ್ನು ಅವನ ವಾಹನದ ಮೇಲೆ ಹತ್ತಿಸಲು ನೆರವಾಗುವುದೂ ದಾನವೆಂದು ಪ್ರವಾದಿ(ಸ) ಕಲಿಸಿದ ಹದೀಸನ್ನು ಬುಖಾರಿ, ಮುಸ್ಲಿಮ್ ಇಬ್ಬರೂ ಉದ್ಧರಿಸಿದ್ದಾರೆ. ಮದ್ರಸದಲ್ಲಿ ನಾನದನ್ನು ಕಂಠಪಾಠ ಮಾಡಿದ್ದೆ. ಆ ತಾಯಿಯ ಮನೆ ದಾಟಿ ದಿನವೂ ನಡೆದಿದ್ದೇನೆ, ಒಮ್ಮೆಯೂ ಅದು ನೆನಪಿಗೆ ಬರಲಿಲ್ಲ.

ಸಮಿತಿಯ ಮುಂದೆ ನನ್ನದೊಂದು ಬಿನ್ನಹವಿದೆ. ಮೊಹಲ್ಲಾದಲ್ಲಿ ಎಷ್ಟು ಕಾರುಗಳು ವಾರವಿಡೀ ಅಂಗಳದಲ್ಲೇ ನಿಂತಿರುತ್ತವೆಂದು ನಿಮಗೆ ಗೊತ್ತಿದೆ. ನಾಲ್ಕು ಮಂದಿಯ ತಪಾಸಣೆಯನ್ನು ಒಂದೇ ದಿನಕ್ಕೆ ಗೊತ್ತುಪಡಿಸಿದರೆ ಒಂದು ಕಾರು ಸಾಕು. ವೃದ್ಧೆಯರ ಜೊತೆ ಸಹೋದರಿಯೊಬ್ಬರು ಹೋಗಬೇಕು; ವೈದ್ಯರು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಅವರು ಬರೆದುಕೊಂಡು ಬರಬೇಕು. ಇಂಧನದ ವೆಚ್ಚವನ್ನು ಬಡವರ ಪಾಲಿಗೆ ಝಕಾತ್‌ನಿಂದ ಭರಿಸಬಹುದೇ ಎಂಬುದನ್ನು ಉಲಮಾಗಳು ತಿಳಿಸಲಿ. ನೆರೆಯ ಹಿಂದೂ, ಕ್ರೈಸ್ತ ವೃದ್ಧರ ಹೆಸರೂ ಆ ಪಟ್ಟಿಯಲ್ಲಿರಲಿ. ಅವರ ಮಕ್ಕಳೂ ಊರಲ್ಲಿಲ್ಲ.

ಪಾದರಕ್ಷೆ ಇಡುವ ಕಪಾಟಿನ ಬಳಿ ಒಂದು ಪುಸ್ತಕವಿದೆ. ವಾಹನವಿರುವವರು ಬಿಡುವಿರುವ ದಿನವನ್ನೂ ಉಳಿದವರು ಮನೆಯ ಹಿರಿಯರ ತಪಾಸಣೆಯ ದಿನವನ್ನೂ ಬರೆಯಿರಿ. ಮೊದಲ ಸಾಲಿನಲ್ಲಿ ಆ ತಾಯಿಯ ಹೆಸರಿದೆ. ಮುಂದಿನ ಬುಧವಾರ, ಬೆಳಿಗ್ಗೆ ಆರಕ್ಕೆ ಹೊರಡಬೇಕು. ಎದುರಿನ ಜಾಗ ಖಾಲಿಯಿದೆ.