ದಿಕ್ಕು ಗೊತ್ತಿಲ್ಲದ ಈಜುಗಾರ



ಘಟಿಕೋತ್ಸವದ ವೇದಿಕೆ ಏರಿದವರು ಸಾಮಾನ್ಯವಾಗಿ ದಿಕ್ಕಿನ ಮಾತಾಡುತ್ತಾರೆ. ಗುರಿ ಗೊತ್ತು ಮಾಡಿಕೊಳ್ಳಿ, ಅತ್ತಿತ್ತ ನೋಡದೆ ನಡೆಯಿರಿ ಎನ್ನುತ್ತಾರೆ. ಈ ಭಾಷಣದ ನಾಯಕನಿಗೆ ದಿಕ್ಕು ಎಂಬುದರ ಅರಿವೇ ಇಲ್ಲ. ಅದರ ಉದ್ದ ಸುಮಾರು 2 ಮೈಕ್ರೋಮೀಟರ್; 500 ಸಾಲಾಗಿ ನಿಂತರೆ ಒಂದು ಮಿಲಿಮೀಟರ್ ಆದೀತು. ವಾಸ ನಮ್ಮ ಕರುಳಿನಲ್ಲಿ, ಜಾತಿ ಬ್ಯಾಕ್ಟೀರಿಯಾ, ಹೆಸರು ಇ. ಕೋಲಿ. ಕಣ್ಣಿಲ್ಲ, ನರವಿಲ್ಲ, ಮಿದುಳಿಲ್ಲ. ಆದರೂ ಆಹಾರವಿರುವ ಕಡೆಗೆ ಹೋಗಿ ಸೇರುತ್ತದೆ. ಹೇಗೆ ಸೇರುತ್ತದೆ ಎಂಬುದು ತಿಳಿಯಲು ವಿಜ್ಞಾನಿಗಳಿಗೆ ಹೆಚ್ಚುಕಡಿಮೆ 90 ವರ್ಷ ಬೇಕಾಯಿತು.

1884ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್ ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ಪೋಷಕ ದ್ರಾವಣ ತುಂಬಿ, ಬ್ಯಾಕ್ಟೀರಿಯಾಗಳಿದ್ದ ನೀರಿನಲ್ಲಿ ಅದರ ಬಾಯಿ ಇಟ್ಟರು. ಬ್ಯಾಕ್ಟೀರಿಯಾಗಳು ನಳಿಗೆಯ ಬಾಯಿಗೆ ಮುತ್ತಿಕೊಂಡವು. ಆಹಾರ ಅವನ್ನು ಆಕರ್ಷಿಸುತ್ತದೆ ಎಂದು ಪುಸ್ತಕಗಳು ಬರೆದುಕೊಂಡವು. ಆದರೆ ಆಕರ್ಷಿಸುತ್ತದೆ ಎಂದು ಹೇಳಿದರೆ ಕಂಡದ್ದನ್ನೇ ಇನ್ನೊಂದು ಸಲ ಹೇಳಿದಂತಾಯಿತೇ ಹೊರತು ಏನೂ ವಿವರಿಸಿದಂತಾಗಲಿಲ್ಲ.

ಅಮೆರಿಕದ ಮ್ಯಾಡಿಸನ್‌ನಲ್ಲಿ ಜೀವರಸಾಯನ ವಿಜ್ಞಾನಿ ಜೂಲಿಯಸ್ ಆಡ್ಲರ್ 1960ರ ದಶಕದಲ್ಲಿ ಅದೇ ನಳಿಗೆಯನ್ನು ಮತ್ತೆ ಕೈಗೆತ್ತಿಕೊಂಡರು. ಗ್ಯಾಲಕ್ಟೋಸ್ ಸಕ್ಕರೆಯನ್ನು ಜೀರ್ಣಿಸಿಕೊಳ್ಳಲಾರದ ರೂಪಾಂತರಿ ಬ್ಯಾಕ್ಟೀರಿಯಾಗಳೂ ಗ್ಯಾಲಕ್ಟೋಸ್ ಇದ್ದಲ್ಲಿಗೆ ಬರುವುದನ್ನು 1969ರಲ್ಲಿ ಅವರು ತೋರಿಸಿದರು. ಅಂದರೆ ಬ್ಯಾಕ್ಟೀರಿಯಾ ಉಂಡು ತಿಳಿಯುವುದಿಲ್ಲ, ರುಚಿ ನೋಡಿ ತಿಳಿಯುತ್ತದೆ. ಅದಕ್ಕಾಗಿಯೇ ಅದರ ಮೈಯಲ್ಲಿ ಗ್ರಾಹಕ ಪ್ರೋಟೀನುಗಳಿವೆ. ಅರ್ಧ ಉತ್ತರ ಸಿಕ್ಕಿತು. ರುಚಿ ಹತ್ತಿದ ಮೇಲೆ ಅದು ಏನು ಮಾಡುತ್ತದೆ ಎಂಬುದು ಉಳಿಯಿತು.

ಇದನ್ನು ಬಿಡಿಸಿದ್ದು ಹೊವರ್ಡ್ ಬರ್ಗ್ ಎಂಬ ಭೌತವಿಜ್ಞಾನಿಯ ಹಟ. ಅಲ್ಲಿಯವರೆಗೆ ಎಲ್ಲರೂ ನೋಡಿದ್ದು ಗುಂಪನ್ನು. ಬರ್ಗ್ ಒಂದೇ ಒಂದು ಬ್ಯಾಕ್ಟೀರಿಯಾವನ್ನು ಹಿಂಬಾಲಿಸುವ ಸೂಕ್ಷ್ಮದರ್ಶಕ ಕಟ್ಟಿದರು. ಬ್ಯಾಕ್ಟೀರಿಯಾ ಯಾವ ಕಡೆ ಸರಿದರೂ ಯಂತ್ರ ಆ ನೀರಿನ ಕೋಶವನ್ನೇ ಎದುರು ದಿಕ್ಕಿಗೆ ಸರಿಸಿ, ಅದನ್ನು ದೃಷ್ಟಿಯ ನಡುವೆ ಹಿಡಿದಿಡುತ್ತಿತ್ತು. 1972ರಲ್ಲಿ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಪ್ರಕಟಿಸಿದ ಅಂಕಿಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ. ಇ. ಕೋಲಿ ಸುಮಾರು 1 ಸೆಕೆಂಡು ನೇರ ಈಜುತ್ತದೆ. ಬಳಿಕ 0.1 ಸೆಕೆಂಡು ತಡಬಡಿಸಿ ಹೊರಳಾಡುತ್ತದೆ. ಹೊರಳಾಟ ಮುಗಿದಾಗ ಮುಖ ಸರಾಸರಿ 68 ಡಿಗ್ರಿಯಷ್ಟು ತಿರುಗಿರುತ್ತದೆ. ಎತ್ತ ತಿರುಗಿತು ಎಂಬುದು ಪೂರಾ ಅದೃಷ್ಟದ ಆಟ.

ಆಹಾರದ ಸಾಂದ್ರತೆ ಏರುತ್ತಿರುವ ಕಡೆಗೆ ಹೊರಟಿದ್ದರೆ ಓಟ ಉದ್ದವಾಗುತ್ತದೆ. ಹೊರಳುವುದು ಮುಂದೆ ಹೋಗುತ್ತದೆ. ಇಳಿಯುವ ಕಡೆಗೆ ಹೊರಟಿದ್ದರೆ? ಏನೂ ಏರಿಳಿತವಿಲ್ಲದ ನೀರಿನಲ್ಲಿ ಎಷ್ಟು ಹೊತ್ತು ಓಡುತ್ತಿತ್ತೋ ಸುಮಾರು ಅಷ್ಟೇ ಹೊತ್ತು ಓಡುತ್ತದೆ. ತಪ್ಪು ದಾರಿಗೆ ಹೇಳಿಕೊಳ್ಳುವಂಥ ಶಿಕ್ಷೆಯಿಲ್ಲ, ಸರಿದಾರಿಗೆ ಮಾತ್ರ ವಿನಾಯಿತಿ. ಪರೀಕ್ಷಾ ವಿಭಾಗದವರಿಗೆ ಒಪ್ಪಿಗೆಯಾಗದ ಈ ಕ್ರಮದಲ್ಲೇ ಬ್ಯಾಕ್ಟೀರಿಯಾ ಒಟ್ಟಾರೆ ಆಹಾರದತ್ತ ಸಾಗುತ್ತದೆ. ಎಲ್ಲಿಗೆ ತಿರುಗಬೇಕು ಎಂಬುದನ್ನು ಅದು ಒಮ್ಮೆಯೂ ತೀರ್ಮಾನಿಸುವುದಿಲ್ಲ. ಯಾವಾಗ ಎಂಬುದೊಂದನ್ನೇ ಹಿಂದೆಮುಂದೆ ಮಾಡುತ್ತದೆ. ಆಹಾರ ಅದನ್ನು ಎಳೆಯುತ್ತದೆಯೇ ಎಂದು ಕೇಳುತ್ತ ಕೂತಷ್ಟು ಕಾಲ ಉತ್ತರ ಸಿಗದೆ ಹೋದದ್ದು ಇದರಿಂದಲೇ.

ನೀರು ರುಚಿಯಾಗುತ್ತಿದೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ತಲೆಯ ಕಡೆಯ ರುಚಿಯನ್ನೂ ಬಾಲದ ಕಡೆಯ ರುಚಿಯನ್ನೂ ಹೋಲಿಸಬಹುದಿತ್ತು. ಆದರೆ 2 ಮೈಕ್ರೋಮೀಟರ್ ದೇಹದ ಎರಡು ತುದಿಗಳ ನಡುವೆ ಇರುವ ವ್ಯತ್ಯಾಸ ಅತ್ಯಲ್ಪ. ಬರ್ಕ್ಲಿಯಲ್ಲಿ ರಾಬರ್ಟ್ ಮ್ಯಾಕ್‌ನಬ್ ಮತ್ತು ಡೇನಿಯಲ್ ಕೋಶ್ಲ್ಯಾಂಡ್ ಅದೇ 1972ರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳಿದ್ದ ನೀರಿಗೆ ಆಹಾರವನ್ನು ಕ್ಷಣದಲ್ಲಿ ಬೆರೆಸಿದರು. ಈಗ ಎಲ್ಲ ಕಡೆಯೂ ಒಂದೇ ರುಚಿ. ಹೋಲಿಸಲು ಇನ್ನೊಂದು ಜಾಗವೇ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಹೊರಳುವುದನ್ನು ಬಿಟ್ಟು ಉದ್ದಕ್ಕೆ ಈಜಿದವು. ಸಾಂದ್ರತೆಯನ್ನು ಥಟ್ಟನೆ ಬಹಳಷ್ಟು ಇಳಿಸಿದಾಗ ಹೊರಳಾಡಿಬಿಟ್ಟವು. ಅವು ಹೋಲಿಸುತ್ತಿದ್ದದ್ದು ಇಲ್ಲಿಯನ್ನು ಅಲ್ಲಿಯ ಜೊತೆಗಲ್ಲ, ಈಗನ್ನು ಆಗಿನ ಜೊತೆಗೆ. ಮಿದುಳಿಲ್ಲದ ಜೀವಕ್ಕೆ ನೆನಪಿದೆ ಎಂದಾಯಿತು. ಆ ನೆನಪಿನ ಉದ್ದವನ್ನೂ 1980ರ ದಶಕದಲ್ಲಿ ಅಳೆದರು: ಈಚಿನ 1 ಸೆಕೆಂಡಿನ ರುಚಿಯನ್ನು ಅದರ ಹಿಂದಿನ ಸುಮಾರು 3 ಸೆಕೆಂಡುಗಳ ರುಚಿಯೊಂದಿಗೆ ಅದು ತೂಗುತ್ತದೆ.

ಅಷ್ಟು ಗಿಡ್ಡ ನೆನಪೇಕೆ? ನೀರಿನ ಅಣುಗಳ ತಳ್ಳಾಟವೇ ಕಾರಣ. ಸುಮ್ಮನೆ ನೇರ ಈಜಿದರೂ 10 ಸೆಕೆಂಡಿನೊಳಗೆ ಆ ತಳ್ಳಾಟ ಬ್ಯಾಕ್ಟೀರಿಯಾದ ಮುಖವನ್ನು ಎತ್ತಲೋ ತಿರುಗಿಸಿಬಿಟ್ಟಿರುತ್ತದೆ. ಅದಕ್ಕಿಂತ ಹಿಂದಿನ ನೆನಪು ಬೇರೆ ದಾರಿಯದ್ದು, ಉಪಯೋಗಕ್ಕೆ ಬಾರದು. ಅದರ ಅಳತೆಗೆ ನೀರೆಂದರೆ ನಮಗೆ ಜೋನಿಬೆಲ್ಲದ ಕೊಪ್ಪರಿಗೆಯಲ್ಲಿ ಈಜಿದಂತೆ. ಮೋಟಾರು ನಿಂತರೆ ಅದು ಒಂದು ಪರಮಾಣುವಿನ ಅಗಲದಷ್ಟೂ ಜಾರದೆ ನಿಲ್ಲುತ್ತದೆ ಎಂದು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಲೆಕ್ಕ ಹಾಕಿದ್ದರು.

ಮೋಟಾರು ಎಂದದ್ದು ಅಲಂಕಾರಕ್ಕಲ್ಲ. 1974ರಲ್ಲಿ ಮೈಕೆಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಬ್ಯಾಕ್ಟೀರಿಯಾ ಈಜಲು ಬಳಸುವ ದಾರದಂಥ ಬಾಲವನ್ನು, ಅಂದರೆ ಒಂದು ಕಶಾಂಗವನ್ನು, ಗಾಜಿಗೆ ಅಂಟಿಸಿದಾಗ ಬ್ಯಾಕ್ಟೀರಿಯಾದ ಮೈಯೇ ಗಿರಗಿರನೆ ಸುತ್ತತೊಡಗಿತು. ಕಶಾಂಗಗಳು ಅಪ್ರದಕ್ಷಿಣವಾಗಿ ತಿರುಗಿದರೆ ಒಂದೇ ಜಡೆಯಾಗಿ ಕೂಡಿ ದೇಹವನ್ನು ತಳ್ಳುತ್ತವೆ. ಪ್ರದಕ್ಷಿಣವಾದರೆ ಜಡೆ ಬಿಚ್ಚಿ ಹೊರಳಾಟ ಶುರು. ಈ ಬದಲಾವಣೆಯ ಕೀಲಿ ಚೆವೈ ಎಂಬ ಪುಟ್ಟ ಪ್ರೋಟೀನು. ಅದಕ್ಕೆ ಫಾಸ್ಫೇಟ್ ಸೇರಿದರೆ ಹೋಗಿ ಮೋಟಾರಿನ ಬುಡಕ್ಕೆ ಕಚ್ಚಿಕೊಂಡು ಪ್ರದಕ್ಷಿಣ ಹಾಕಿಸುತ್ತದೆ. ಗ್ರಾಹಕಕ್ಕೆ ಆಹಾರ ತಗುಲಿದಾಗ ಫಾಸ್ಫೇಟ್ ಸೇರುವುದು ಕಡಿಮೆಯಾಗಿ ಓಟ ಮುಂದುವರಿಯುತ್ತದೆ. ಆಹಾರ ಹೆಚ್ಚಿದ ಮಟ್ಟದಲ್ಲೇ ನಿಂತುಬಿಟ್ಟರೆ ಗ್ರಾಹಕಗಳಿಗೆ ಮೀಥೈಲ್ ಗುಂಪುಗಳು ಅಂಟಿ, ಹೊರಳಾಟ ಹಳೆಯ ಲಯಕ್ಕೇ ಮರಳುತ್ತದೆ. ಶ್ರೀಮಂತ ನೀರಿನಲ್ಲಿದ್ದರೂ ಬಡ ನೀರಿನಲ್ಲಿದ್ದರೂ ಅಭ್ಯಾಸವಾದ ಮೇಲೆ ಲಯ ಒಂದೇ. ಬದಲಾವಣೆಗೆ ಮಾತ್ರ ಸ್ಪಂದನೆ.

ಇಲ್ಲಿಂದ ಪದವೀಧರರಿಗೊಂದು ನೀತಿ ತೆಗೆಯುವುದು ಭಾಷಣಕಾರರಿಗೆ ಸುಲಭ. ತೆಗೆಯದಿರುವುದು ಮೇಲು. ಗಂಟೆಗೆ ಸಾವಿರಾರು ಸಲ ಹೊರಳುವ ಅವಕಾಶ ಬ್ಯಾಕ್ಟೀರಿಯಾಕ್ಕಿದೆ. ಕೆಲಸ ಹುಡುಕುವವರಿಗೆ ಇಲ್ಲ.

ಪ್ರಾಣಿಲೋಕದಲ್ಲಿ ಇದೇ ಉಪಾಯ ಬೇರೆ ಬೇರೆ ವೇಷದಲ್ಲಿ ಕಾಣುತ್ತದೆ. 1 ಮಿಲಿಮೀಟರ್ ಉದ್ದದ, 302 ನರಕೋಶಗಳ ಸಿ. ಎಲೆಗನ್ಸ್ ಹುಳು ಒಳ್ಳೆಯ ರುಚಿ ಇಳಿಯತೊಡಗಿದಾಗ ಹಿಂದೆ ಸರಿದು, ಮೈ ಬಾಗಿಸಿ ದೊಡ್ಡ ತಿರುವು ತೆಗೆದುಕೊಳ್ಳುವುದು ಹೆಚ್ಚುತ್ತದೆ. ಇದನ್ನು 1999ರಲ್ಲಿ ಅಮೆರಿಕದಲ್ಲಿ ಅಳೆದರು. ಅದು ರುಚಿಯತ್ತ ನಿಧಾನ ವಾಲಿಕೊಂಡೂ ಸಾಗುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 1957ರಲ್ಲಿ ವಿನ್ಸೆಂಟ್ ಡೆಥಿಯರ್ ಹಸಿದ ನೊಣಕ್ಕೆ ಸಕ್ಕರೆ ನೀರಿನ ಹನಿಯೊಂದನ್ನು ಕೊಟ್ಟರು. ಹನಿ ಮುಗಿದ ಮೇಲೆ ನೊಣ ಅಲ್ಲೇ ಸುತ್ತಿ ಸುತ್ತಿ ಕುಣಿಯಿತು. ಸಕ್ಕರೆ ಗಾಢವಾದಷ್ಟೂ ಸುತ್ತು ಹೆಚ್ಚು. ಇಲ್ಲಿ ಲೆಕ್ಕ ಬ್ಯಾಕ್ಟೀರಿಯಾದ್ದಕ್ಕೆ ಉಲ್ಟಾ: ಸಿಹಿ ಸಿಕ್ಕ ಜಾಗದಲ್ಲಿ ಇನ್ನಷ್ಟು ಸಿಕ್ಕೀತೆಂದು ತಿರುವು ಹೆಚ್ಚುತ್ತದೆ. ಹಣ್ಣುನೊಣದ ಮರಿ ನಿಂತು ತಲೆಯನ್ನು ಎಡಬಲ ಬೀಸಿ ವಾಸನೆ ನೋಡಿ ತಿರುಗುತ್ತದೆ. ಈ ನೊಣದ ವಾಸನೆ ಮತ್ತು ರುಚಿಯ ಗ್ರಹಿಕೆಯನ್ನು ಜೀನ್‌ಗಳ ದಾರಿಯಿಂದ ಬಿಡಿಸಿದವರಲ್ಲಿ ಮೊದಲಿಗರಾದ ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರೋಡ್ರಿಗಸ್ ಮುಂಬಯಿಯಲ್ಲಿ ಶುರುಮಾಡಿದ ಕೆಲಸವನ್ನು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರಕ್ಕೆ ತಂದವರು. ಆ ಕೇಂದ್ರವನ್ನು ಕಟ್ಟಿದವರೇ ಸಿದ್ದಿಕಿ.

ನಮ್ಮ ರಕ್ತದ ಬಿಳಿ ಕಣಗಳು ಈ ಸಾಲಿಗೆ ಸೇರುವುದಿಲ್ಲ. ತೆವಳುವ ದೊಡ್ಡ ಕಣವಾದ ನ್ಯೂಟ್ರೋಫಿಲ್ ತನ್ನ ಒಂದು ಬದಿಯನ್ನು ಇನ್ನೊಂದು ಬದಿಯೊಂದಿಗೆ ನೇರವಾಗಿ ಹೋಲಿಸಿ ಸೋಂಕಿನತ್ತ ತಿರುಗಬಲ್ಲದು.

ಇಂಥದ್ದನ್ನು ಕಣ್ಣಾರೆ ನೋಡಲು ಬರ್ಗ್ ಕಟ್ಟಿದಂಥ ಯಂತ್ರ ಕಾಲೇಜುಗಳಲ್ಲಿ ಇರಲಾರದು. ಅಮೆರಿಕದ ಪ್ರಾಣಿವಿಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಜೆನ್ನಿಂಗ್ಸ್ ಅವರ ಬಳಿಯೂ 1890ರ ದಶಕದ ಕೊನೆಯಲ್ಲಿ ಇದ್ದದ್ದು ಗಾಜಿನ ಪಟ್ಟಿ, ಅದರ ಮೇಲೊಂದು ಮುಚ್ಚಳ, ಕೊಳದ ನೀರು ಮತ್ತು ಸೂಕ್ಷ್ಮದರ್ಶಕ. ಪರಮೀಸಿಯಂ ಎಂಬ ಏಕಕೋಶ ಜೀವಿಗಳಿದ್ದ ನೀರಿನ ನಡುವೆ ತೀರಾ ದುರ್ಬಲ ಆಮ್ಲದ ಹನಿ ಇಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅವೆಲ್ಲ ಹನಿಯೊಳಗೆ ಸೇರಿರುತ್ತವೆ. ಗುಂಪನ್ನು ನೋಡಿದವರು ಆಮ್ಲ ಎಳೆಯಿತು ಎಂದಾರು. ಜೆನ್ನಿಂಗ್ಸ್ ಒಂದೊಂದನ್ನೇ ನೋಡಿದರು. ಹನಿಯೊಳಗೆ ಬರುವಾಗ ಪರಮೀಸಿಯಂ ಏನೂ ಮಾಡುವುದಿಲ್ಲ. ಅಡ್ಡಾದಿಡ್ಡಿ ಅಲೆಯುತ್ತ ತಾನಾಗಿ ಬಂದುಬಿಟ್ಟಿರುತ್ತದೆ. ಹೊರಗೆ ಹೋಗುವ ಅಂಚು ತಗುಲಿದಾಗಷ್ಟೇ ಮೈಮೇಲಿನ ಕೂದಲಂಥ ಲೋಮಾಂಗಗಳನ್ನು ತಿರುವುಮುರುವು ಬೀಸಿ ಹಿಂದೆ ಸರಿದು, ಬೇರೆ ಕಡೆ ಮುಖ ಮಾಡುತ್ತದೆ. ಎಳೆದವರಿಲ್ಲ, ಹೊರಡಲು ಆಗುತ್ತಿಲ್ಲ, ಅಷ್ಟೇ. ಹೀಗೆ ಹಿಂದೆ ಸರಿಯಲಾರದ ರೂಪಾಂತರಿಗಳನ್ನು 1970ರ ದಶಕದ ಆರಂಭದಲ್ಲಿ ಚಿಂಗ್ ಕುಂಗ್ ಹುಡುಕಿ, ಚದುರಂಗದ ಪದಾತಿಯ ಹೆಸರಿಟ್ಟರು.

ಜೆನ್ನಿಂಗ್ಸ್ ಅವರ ಪ್ರಯೋಗವನ್ನು ಇಲ್ಲೂ ಮಾಡಬಹುದು: ಹುಲ್ಲು ಕೊಳೆಸಿದ ನೀರಿನಲ್ಲಿ ಪರಮೀಸಿಯಂ ಬೆಳೆಯುತ್ತದೆ, ಬಹಳ ತೆಳುವಾಗಿಸಿದ ವಿನೆಗರ್ ಆಮ್ಲಕ್ಕೆ ಸಾಕು, 100 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಇಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲೂ ಇದ್ದೀತು. ಆಮ್ಲ ತುಸು ಗಾಢವಾದರೆ ಹನಿಯ ನಡುಭಾಗ ಖಾಲಿ ಉಳಿದು, ಆಮ್ಲ ತೆಳುವಾಗಿರುವ ಅಂಚಿನ ಸುತ್ತ ಅವು ಉಂಗುರ ಕಟ್ಟುತ್ತವೆ. ಆಗ ಒಳಗಿನ ಗೆರೆಯಲ್ಲೂ ಹೊರಗಿನ ಗೆರೆಯಲ್ಲೂ ಹಿಂದೆ ಸರಿಯುವುದನ್ನು ಎಣಿಸಬಹುದು.